ತಂಗಿಯನ್ನು ತಿನ್ನುವ ವಾಕ್ಯ

ವಾರಿಜ ಅತ್ತೆ ಶಾಲೆಯಿಂದ ಬಂದವಳು ಕಾಲೂ ತೊಳೆಯದೆ ಜಗಲಿಯ ತುದಿಯಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟುಕೊಂಡಳೆಂದರೆ ಅಜ್ಜಿ ಮಲ್ಲಿಗೆ ಕಟ್ಟುವುದನ್ನು ನಿಲ್ಲಿಸಿ, ಯಾರಿಗೆ ಎಂತ ಆಯಿತು ಎಂದು ಗಾಬರಿಯಿಂದ ಕೇಳುತ್ತಿದ್ದಳು. ಯಾರಿಗೂ ಏನೂ ಆಗಿರುತ್ತಿರಲಿಲ್ಲ. ಕಟಪಾಡಿಯಲ್ಲಿ ಹೊಸ ಬೇಕರಿಯೊಂದು ಶುರುವಾಗಿ, ಅದರ ಬೋರ್ಡಿನ 'ಸ್ವೀಟ್ಸ್' ಎಂಬಲ್ಲಿ ಎರಡು ಇ ಇರಬೇಕಾದ ಕಡೆ ಒಂದು ಎ ನುಗ್ಗಿ, ಸಿಹಿತಿಂಡಿ ಮಾರಬೇಕಾದವರು ಬೆವರು ಮಾರುತ್ತಿರುತ್ತಿದ್ದರು, ಅಷ್ಟೆ. ಅಜ್ಜಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ಮಗಳ ಮುಖ ನೋಡಿ ಅವಳಿಗೂ ಸಂಕಟವಾಗಿ, ಆ ಬೇಕರಿಯವನಿಗೆ ಮಕ್ಕಳಿದ್ದಾರೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು. ಅತ್ತೆಯ ಮಟ್ಟಿಗೆ ತಪ್ಪು ಕಾಗುಣಿತವೆಂದರೆ ರಸ್ತೆಯಲ್ಲಿ ಕಣ್ಣಾರೆ ಕಂಡ ಅಪಘಾತದ ಹಾಗೆ. ಕಂಡದ್ದನ್ನು ಯಾರಿಗಾದರೂ ಹೇಳಿ ಮುಗಿಸುವವರೆಗೆ ಅವಳಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಾಪುವಿನ ಆ ಮನೆ ಹೆದ್ದಾರಿಗೂ ಸಮುದ್ರಕ್ಕೂ ನಡುವೆ ಇತ್ತು. ಎದುರಿಗೆ ಉದ್ದನೆಯ ಜಗಲಿ, ಒಳಗೆ ಕೆಂಪು ನೆಲದ ಚಾವಡಿ, ಅದರ ಹಿಂದೆ ಹಗಲಲ್ಲೂ ದೀಪ ಬೇಕಾಗುವ ಅಡಿಗೆಮನೆ. ಅಜ್ಜಿ, ಅಪ್ಪ, ಅಮ್ಮ, ಅಪ್ಪನ ತಂಗಿಯಾದ ವಾರಿಜ ಅತ್ತೆ ಮತ್ತು ನಾನು, ಇಷ್ಟೇ ಜನ. ಮನೆಯೊಳಗೆ ತುಳು, ಅಂಗಳ ದಾಟಿದರೆ ಕನ್ನಡ. ಇಂಗ್ಲಿಷ್ ಮಾತ್ರ ಅತ್ತೆಯ ಸ್ವಂತದ್ದು. ಉಡುಪಿಯ ಹೈಸ್ಕೂಲೊಂದರಲ್ಲಿ ಅವಳು ಇಂಗ್ಲಿಷ್ ಕಲಿಸುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಒಬ್ಬೊಬ್ಬರೂ ಆ ದಿನ ಕಂಡ ಒಂದು ತಪ್ಪನ್ನು ಹೇಳಬೇಕೆಂಬ ಪದ್ಧತಿಯನ್ನು ಯಾವಾಗ ಯಾರು ಶುರು ಮಾಡಿದರೋ ತಿಳಿಯದು. ಕುಚ್ಚಲಕ್ಕಿ ಅನ್ನಕ್ಕೆ ಸೌತೆಕಾಯಿ ಹುಳಿ ಕಲಸುತ್ತಾ ಅಪ್ಪ ಹೆಜಮಾಡಿಯ ಬಾರೊಂದರ ಬೋರ್ಡನ್ನು ವರ್ಣಿಸುತ್ತಿದ್ದ. ತಣ್ಣಗಿನ ಬಿಯರ್ ಉಂಟು ಎಂದು ಬರೆಯಲು ಹೋಗಿ ಅವರು 'ಚೈಲ್ಡ್ ಬಿಯರ್' ಎಂದು ಬರೆದಿದ್ದರಂತೆ. ಮಗುವನ್ನು ಯಾಕೆ ಬಾಟಲಿಗೆ ತುಂಬಿದರೋ ಎಂದು ಅತ್ತೆ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ನಾನು ಶಾಲೆಯ ದಾರಿಯ ದರ್ಜಿಯ ಅಂಗಡಿಯನ್ನು ಒಪ್ಪಿಸುತ್ತಿದ್ದೆ. ಅವನ ಟೈಲರ್ ಎಂಬ ಪದದಲ್ಲಿ ಓ ಹೋಗಿ ಇ ಬಂದು, ಅವನು ಬಾಲ ಹೊಲಿಯುವವನಾಗಿದ್ದ. ಹೀಗೆ ದಿನವೂ ಬೆಚ್ಚಿಬೀಳುವುದೇ ನಮ್ಮ ಮನೆಯ ಮನರಂಜನೆಯಾಗಿತ್ತು.

ಅಮ್ಮ ಮಾತ್ರ ಯಾವ ತಪ್ಪನ್ನೂ ತರುತ್ತಿರಲಿಲ್ಲ. ಅವಳು ಬಡಿಸುತ್ತಿದ್ದಳು. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವಳು, ಹಳ್ಳಿಯಿಂದ ಮದುವೆಯಾಗಿ ಬಂದವಳು. 'ಪ್ರಿಜ್ಜು' ಎನ್ನುತ್ತಿದ್ದಳು, 'ಸಿಲೆಂಡರ್' ಎನ್ನುತ್ತಿದ್ದಳು. ಅವಳು ಅಂದ ಕೂಡಲೇ ಅತ್ತೆ, ಕೈಯಲ್ಲಿ ತುತ್ತು ಹಿಡಿದುಕೊಂಡೇ, ಸರಿಯಾದ ರೂಪವನ್ನು ಮೆಲ್ಲಗೆ ಹೇಳುತ್ತಿದ್ದಳು. ಅದರಲ್ಲಿ ಕೊಂಕು ಇರುತ್ತಿರಲಿಲ್ಲ. ಅಂಗಿಯ ಮೇಲೆ ಕೂತ ಹುಳವನ್ನು ತೆಗೆದು ಹಾಕುವ ಹಾಗೆ ಹೇಳಿ ಊಟ ಮುಂದುವರಿಸುತ್ತಿದ್ದಳು. ಅಮ್ಮ ಆ ಪದವನ್ನು ಮತ್ತೆ ಹೇಳದೆ 'ಅದು' ಎಂದು ಬೆರಳು ತೋರಿಸುತ್ತಿದ್ದಳು. ನಮ್ಮ ಅಡಿಗೆಮನೆಯಲ್ಲಿ 'ಅದು' ಎನ್ನಿಸಿಕೊಳ್ಳುವ ವಸ್ತುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ನನಗದು ವಿಚಿತ್ರವೆಂದು ತೋರಿದ್ದೇ ಇಲ್ಲ.

ಅತ್ತೆಗೆ ಮೂವತ್ತು ದಾಟಿತ್ತು. ಬಂದ ಸಂಬಂಧಗಳು ಜಾತಕದಲ್ಲೋ ಇನ್ನೆಲ್ಲೋ ಸಿಕ್ಕಿಹಾಕಿಕೊಂಡು ಹಿಂದೆ ಹೋಗುತ್ತಿದ್ದವು. ಅಜ್ಜಿ ದಿನಾ ಬೆಳಿಗ್ಗೆ ಮೊದಲ ಚೆಂಡು ಮಲ್ಲಿಗೆಯನ್ನು ದೇವರಿಗೆ ಎತ್ತಿಟ್ಟು ಉಳಿದದ್ದನ್ನು ಶಂಕರಪುರದಿಂದ ಬರುವ ಹೂವಿನ ವ್ಯಾಪಾರಿಗೆ ಕೊಡುತ್ತಿದ್ದದ್ದು ಇದೇ ಚಿಂತೆಯಿಂದ. ಹಾಗಿರುವಾಗ ಕಾರ್ಕಳದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಗುರುಪ್ರಸಾದ, ಮಣಿಪಾಲದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಜಾತಕ ಕೂಡಿ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಹುಡುಗ, ಅವನ ತಾಯಿ, ಸೋದರಮಾವ ಮೂವರೂ ಬಂದರು. ಅಮ್ಮ ನಸುಕಿನಲ್ಲೇ ಎದ್ದು ಸಜ್ಜಿಗೆ ಮಾಡಿ, ಅವಲಕ್ಕಿಗೆ ಕಾಯಿತುರಿ ಬೆರೆಸಿ ಬಜಿಲ್ ಕಲಸಿ ಇಟ್ಟಿದ್ದಳು. ಚಾವಡಿಯಲ್ಲಿ ಚಾಪೆಯ ಬದಲು, ಪಕ್ಕದ ಮನೆಯಿಂದ ತಂದ ಕುರ್ಚಿಗಳಿದ್ದವು. ತಾಯಿ ಬಿಳಿ ಬಣ್ಣದ ಮೇಲೆ ಸಣ್ಣ ಹೂಗಳ ಸೀರೆ ಉಟ್ಟ ತೆಳ್ಳಗಿನ ಹೆಂಗಸು. ಹೆಚ್ಚು ಮಾತಿಲ್ಲ. ಸುಮತಿ ಎಂದು ಹೆಸರು, ಅವರೂ ಟೀಚರಂತೆ ಎಂದು ಅಪ್ಪ ಮೊದಲೇ ಹೇಳಿದ್ದ. ಮಾತೆಲ್ಲ ಸೋದರಮಾವನದ್ದೇ.

ಆ ಮಾವನೇ ಎಲ್ಲಕ್ಕೂ ಕಾರಣ. ಹುಡುಗಿ ಇಂಗ್ಲಿಷ್ ಟೀಚರ್ ಅಲ್ವಾ, ನಿನ್ನ ಪರಿಚಯ ನೀನೇ ಇಂಗ್ಲಿಷಿನಲ್ಲಿ ಹೇಳು ಮಾರಾಯ ಎಂದು ಅವನು ಹುಡುಗನನ್ನು ಹುರಿದುಂಬಿಸಿದ. ಗುರುಪ್ರಸಾದ ಒಳ್ಳೆಯ ಮನುಷ್ಯನಿರಬೇಕು, ಇಲ್ಲದಿದ್ದರೆ ಒಲ್ಲೆ ಎನ್ನುತ್ತಿದ್ದ. ಅವನು ತಟ್ಟೆಯನ್ನು ಕುರ್ಚಿಯ ಕೆಳಗಿಟ್ಟು, ತರಗತಿಯಲ್ಲಿ ಹೆಸರು ಕರೆದಾಗ ಏಳುವ ಹಾಗೆ ಎದ್ದು ನಿಂತು, ಎರಡೂ ಕೈಗಳನ್ನು ಬದಿಗೆ ಇಳಿಬಿಟ್ಟು ಹೇಳಿದ:

"ಮೈಸೆಲ್ಫ್ ಗುರುಪ್ರಸಾದ್. ಐ ಆಮ್ ಹ್ಯಾವಿಂಗ್ ಒನ್ ಸಿಸ್ಟರ್."

ಅತ್ತೆ ಒಳಗಿನ ಬಾಗಿಲಿನ ಪಕ್ಕ, ತಲೆ ಬಗ್ಗಿಸಿ ನಿಂತಿದ್ದಳು. ಅವಳು ತಲೆ ಎತ್ತಿದ್ದನ್ನು ನಾನು ನೋಡಿದೆ. ಬಸ್ಸಿಳಿದು ಜಗಲಿಯಲ್ಲಿ ಕುಸಿದು ಕೂರುವಾಗಿನ ಮುಖವೇ ಅದು.

"ಮೈಸೆಲ್ಫ್ ಅಂತ ಮಾತು ಶುರು ಮಾಡುವ ಹಾಗಿಲ್ಲ," ಎಂದಳು. "ಮತ್ತೆ, ಐ ಆಮ್ ಹ್ಯಾವಿಂಗ್ ಅಂದರೆ ತಿನ್ನುತ್ತಾ ಇದ್ದೇನೆ ಅಂತ. ತಂಗಿಯನ್ನು ತಿನ್ನಬೇಡಿ. ಬಜಿಲ್ ಉಂಟಲ್ಲ, ಅದನ್ನು ತಿನ್ನಿ."

ಅಪ್ಪನ ಬಾಯಿ ತೆರೆದದ್ದು ಹಾಗೇ ಇತ್ತು. ಅಜ್ಜಿಗೆ ಅರ್ಥವಾಗಿರಲಿಲ್ಲ, ಆದರೆ ಆಗಬಾರದ್ದು ಆಯಿತೆಂದು ಗೊತ್ತಾಗಿ ಕಂಬಕ್ಕೆ ಒರಗಿದಳು. ಹುಡುಗ ನಿಂತೇ ಇದ್ದ, ಕೂರಬೇಕೋ ಹೊರಗೆ ಹೋಗಬೇಕೋ ತಿಳಿಯದವನಂತೆ. ಅತ್ತೆಯ ಕೈ ಅವಳ ಬಾಯನ್ನು ಮುಚ್ಚಿಕೊಂಡಿತ್ತು. ಆಡಿದ್ದು ತಾನೇ ಎಂದು ಅವಳಿಗೆ ಆಗಷ್ಟೇ ತಿಳಿದಿರಬೇಕು. ನನ್ನ ಕಣ್ಣು ಹೋದದ್ದು ಸುಮತಿ ಟೀಚರ್ ಕಡೆಗೆ. ಬಜಿಲ್ ಹಿಡಿದ ಅವರ ಬೆರಳುಗಳು ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿದ್ದವು. ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಹಿಂದಿನಿಂದ ಬಂದು ಹೆಗಲು ಮುಟ್ಟಿದಾಗ ಆಗುವಂಥ ಬೆರಗು ಇತ್ತು. ಅವರು ಕೈಯಲ್ಲಿದ್ದದ್ದನ್ನು ತಟ್ಟೆಗೇ ಹಾಕಿ, ಎದ್ದು, ಅಜ್ಜಿಗೆ ಕೈ ಮುಗಿದು ಹೊರಟರು. ಮಾವ ಚಪ್ಪಲಿ ಹಾಕಿಕೊಳ್ಳುತ್ತಾ ಏನೇನೋ ಹೇಳಿದ. ಅದನ್ನಿಲ್ಲಿ ಬರೆಯುವುದು ಬೇಡ.

ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಪ್ಪ ಒಮ್ಮೆ ಕೂಗಾಡಿ, ಆಮೇಲೆ ಸಮುದ್ರದ ಕಡೆ ನಡೆದು ಹೋದ. ಅಜ್ಜಿ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಅತ್ತೆ ಅಡಿಗೆಮನೆಯಲ್ಲಿ ಗೋಡೆಗೆ ಆತು ಕೂತು, ತಾನು ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು, ಅವರಿಗೆ ಅಷ್ಟು ನೋವಾಗುತ್ತದೆಂದು ಗೊತ್ತಿರಲಿಲ್ಲ ಎಂದು ಅಳುತ್ತಿದ್ದಳು. ಅಮ್ಮ ಉಳಿದ ಸಜ್ಜಿಗೆಯನ್ನು ಡಬ್ಬಿಗೆ ತುಂಬುತ್ತಿದ್ದಳು. ಅತ್ತೆಯ ಕಡೆ ತಿರುಗದೆ, ಏರದ ಇಳಿಯದ ದನಿಯಲ್ಲಿ ಅವಳಂದಳು:

"ನನಗೆ ಅಭ್ಯಾಸ ಆಗಿದೆ ವಾರಿಜ. ಅವರಿಗೆ ಇಲ್ಲವಲ್ಲ."

ಬೆಳಗಿನ ಘಟನೆಗಿಂತ ನನಗೆ ಜೋರಾಗಿ ತಟ್ಟಿದ್ದು ಈ ಮಾತು. ಅಮ್ಮನಿಗೆ ನೋವಾಗುತ್ತದೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಅತ್ತೆಗೂ ಹೊಳೆದಿರಲಿಲ್ಲ. ಅವಳ ಅಳು ತಟ್ಟನೆ ನಿಂತಿತು. ಅಮ್ಮ ಡಬ್ಬಿಯ ಮುಚ್ಚಳ ಒತ್ತಿ, 'ಅದರ' ಒಳಗಿಟ್ಟು, ಬಾಗಿಲು ಹಾಕಿದಳು. ಆ ವಾರ ಊಟಕ್ಕೆ ಯಾರೂ ತಪ್ಪುಗಳನ್ನು ತರಲಿಲ್ಲ. ತಟ್ಟೆ ಲೋಟಗಳ ಸದ್ದು ಅಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಆಗ.

ಶನಿವಾರ ಅತ್ತೆಗೆ ಅರ್ಧ ದಿನದ ಶಾಲೆ. ಮಧ್ಯಾಹ್ನ ಅವಳು ಊಟ ಮುಗಿಸಿ ಚಾವಡಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅಂಗಳದಲ್ಲಿ ಕೊಡೆ ಮಡಚುವ ಸದ್ದಾಯಿತು. ನೋಡಿದರೆ ಸುಮತಿ ಟೀಚರ್. ಒಬ್ಬರೇ, ಶಿರ್ವದ ದಾರಿಯಾಗಿ ಬರುವ ಬಸ್ಸಿನಲ್ಲಿ ಬಂದಿದ್ದರು. ಅತ್ತೆಯ ಕೈಯಿಂದ ಕೆಂಪು ಪೆನ್ನು ಜಾರಿತು. ಜಗಳಕ್ಕೇ ಬಂದಿದ್ದಾರೆಂದು ನಾನು ಅಡಿಗೆಮನೆಯ ಬಾಗಿಲಿಗೆ ಓಡಿದೆ. ಸಂಬಂಧ ಒಪ್ಪಿಕೊಂಡು ಬಂದಿರಬಹುದೆಂದು ಅಜ್ಜಿ ಓಡೋಡಿ ಹೊರಗೆ ಬಂದಳು. ಎರಡೂ ಅಲ್ಲವಾಗಿತ್ತು. ಅಮ್ಮ ಕೊಟ್ಟ ಬೆಲ್ಲ ತಿಂದು ನೀರು ಕುಡಿದು, ಅವರು ಕುರ್ಚಿ ಬೇಡವೆಂದು ನೆಲದ ಮೇಲೆಯೇ ಕೂತರು. ಮಗ ಕಳಿಸಿದ್ದಲ್ಲ, ಅವನಿಗೆ ಗೊತ್ತೂ ಇಲ್ಲ ಎಂದರು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಮಡಚುತ್ತಾ ಬಿಡಿಸುತ್ತಾ ಇದ್ದು, ಅತ್ತೆಯ ಮುಖ ನೋಡಿದರು.

"ಅವನಿಗೆ ಇಂಗ್ಲಿಷ್ ಕಲಿಸಿದ್ದು ನಾನು, ಟೀಚರ್. ಮೈಸೆಲ್ಫ್ ಅಂತ ಹೇಳಿಕೊಟ್ಟದ್ದು ನಾನೇ. ಎದ್ದು ನಿಂತು ಕೈ ಹೇಗೆ ಇಟ್ಟುಕೊಳ್ಳಬೇಕು ಅಂತ ಸಹ."

ಕಾರ್ಕಳದ ಆಚೆ, ಘಟ್ಟದ ಬುಡದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಅವರು ಕೆಲಸಕ್ಕೆ ಸೇರಿದಂದಿನಿಂದ ಐದು, ಆರು, ಏಳನೇ ತರಗತಿಗಳಿಗೆ ಅವರದೇ ಇಂಗ್ಲಿಷ್. ಬೇರೆ ಯಾರೂ ಇರಲಿಲ್ಲವೆಂದು ಅದನ್ನು ಅವರ ತಲೆಗೆ ಕಟ್ಟಿದ್ದರಂತೆ. ತನಗೆ ಕಲಿಸಿದವರು ಹೇಗೆ ಹೇಳಿಕೊಟ್ಟರೋ ಹಾಗೇ ಹೇಳಿಕೊಟ್ಟರು. ಆ ಊರಿನ ಅರ್ಧ ಜನ ಅವರ ಇಂಗ್ಲಿಷನ್ನೇ ಕಟ್ಟಿಕೊಂಡು ಮಂಗಳೂರಿಗೆ, ಮುಂಬೈಗೆ ಹೋಗಿದ್ದಾರೆ. ಅಲ್ಲಿ ಯಾರೆಲ್ಲ ಅವರನ್ನು ನೋಡಿ ನಕ್ಕಿರಬಹುದು ಎಂದು ಯೋಚಿಸುತ್ತಾ ಈ ವಾರವಿಡೀ ನಿದ್ದೆ ಬಂದಿಲ್ಲ ಎಂದರು. ನಿವೃತ್ತಿಗೆ ಇನ್ನೂ ಸ್ವಲ್ಪ ಸಮಯ ಉಂಟು. ತಾನು ಇನ್ನೂ ಎಂತೆಂತ ತಪ್ಪು ಕಲಿಸಿದ್ದೇನೆ ಎಂದು ತಿಳಿಯಬೇಕು. ಕೇಳುವುದಕ್ಕೆ ಬೇರೆ ಯಾರೂ ಇಲ್ಲ. ಇಷ್ಟು ವರ್ಷಗಳಲ್ಲಿ ಇದು ತಪ್ಪು ಎಂದು ಬಾಯಿ ಬಿಟ್ಟು ಹೇಳಿದವರು ನೀವೊಬ್ಬರೇ ಎಂದರು.

ಅತ್ತೆಯ ಕಿವಿಯ ತುದಿ ಕೆಂಪಾಗಿತ್ತು. ತಾನು ಒಂದೊಂದೇ ವಾಕ್ಯ ಹೇಳುತ್ತೇನೆ, ಸರಿಯೋ ತಪ್ಪೋ ಹೇಳಿದರೆ ಸಾಕು ಎಂದು ಸುಮತಿ ಟೀಚರ್ ಬೆನ್ನು ನೆಟ್ಟಗೆ ಮಾಡಿ ಕೂತು, ತರಗತಿಗೆ ಕೇಳಿಸುವ ದನಿಯಲ್ಲಿ ಶುರು ಮಾಡಿದರು.

"ದಿ ಕೌ ಈಸ್ ಹ್ಯಾವಿಂಗ್ ಫೋರ್ ಲೆಗ್ಸ್."

"ಸರಿ," ಎಂದಳು ಅತ್ತೆ.

ನನಗೆ ನನ್ನ ಕಿವಿಯನ್ನು ನಂಬಲಾಗಲಿಲ್ಲ. ಬೇಕರಿಯ ಒಂದು ಅಕ್ಷರಕ್ಕೆ ಕಾಫಿ ಬಿಟ್ಟವಳು, ಸಂಬಂಧ ಮುರಿದರೂ ಒಂದು 'ಹ್ಯಾವಿಂಗ್' ಬಿಡದವಳು, ಈಗ ಕಣ್ಣೆದುರು ಒಂದು ದನ ತನ್ನ ನಾಲ್ಕು ಕಾಲುಗಳನ್ನು ತಾನೇ ತಿನ್ನುತ್ತಿರುವಾಗ ಸರಿ ಎನ್ನುತ್ತಿದ್ದಾಳೆ. ಅಮ್ಮನೂ ಒಲೆಯ ಬಳಿಯಿಂದ ತಿರುಗಿ ನೋಡಿದಳು. ಸುಮತಿ ಟೀಚರ್ ಎರಡನೆಯ ವಾಕ್ಯ ಹೇಳಲಿಲ್ಲ.

"ಭಾನುವಾರ ನನ್ನ ಮಗ ಹೇಳಿದಾಗ ತಪ್ಪಾಗಿತ್ತು. ಇವತ್ತು ದನ ಹೇಗೆ ಸರಿಯಾಯಿತು?" ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ನನಗೆ ದಾಕ್ಷಿಣ್ಯ ಬೇಡ ಟೀಚರ್. ಸೋಮವಾರ ಬೆಳಿಗ್ಗೆ ನಾನು ಆ ಮಕ್ಕಳ ಎದುರು ನಿಲ್ಲಬೇಕು," ಎಂದರು.

ಅತ್ತೆ ಕುರ್ಚಿಯಿಂದ ಇಳಿದು ಅವರ ಎದುರು ನೆಲದ ಮೇಲೆ ಕೂತಳು. ಅದು ತಪ್ಪು ಎಂದಳು. ಯಾಕೆ ತಪ್ಪು ಎಂದು ಹೇಳಿದಳು. ಅವಳು ಅಷ್ಟು ವರ್ಷಗಳಿಂದ ತಪ್ಪು ಹಿಡಿಯುತ್ತಾ ಬಂದಿದ್ದರೂ ತಪ್ಪು ಮಾಡಿದವರ ಕಣ್ಣನ್ನು ನೋಡುತ್ತಾ ಹೇಳಿದ್ದು ಬಹುಶಃ ಅದೇ ಮೊದಲು. ಆಮೇಲೆ ಒಂದರ ಹಿಂದೆ ಒಂದು ಬಂದವು. ಲೈಟ್ ಹಾಕು ಎನ್ನುವುದಕ್ಕೆ 'ಓಪನ್ ದಿ ಲೈಟ್', ಇನ್ನೊಮ್ಮೆ ಹೇಳು ಎನ್ನುವುದಕ್ಕೆ 'ರಿಪೀಟ್ ಅಗೇನ್', ಇವತ್ತು ಬೆಳಿಗ್ಗೆ ಎನ್ನುವುದಕ್ಕೆ 'ಟುಡೇ ಮಾರ್ನಿಂಗ್'. ಕೆಲವು ತಪ್ಪು, ಕೆಲವು ಸರಿ. ಸರಿ ಎಂದಾಗಲೆಲ್ಲ ಸುಮತಿ ಟೀಚರ್ ಅತ್ತೆಯ ಮುಖವನ್ನು ಸಂಶಯದಿಂದ ದಿಟ್ಟಿಸಿ, ಸುಳ್ಳಲ್ಲವೆಂದು ಖಾತ್ರಿಯಾದ ಮೇಲೆ ಮುಂದೆ ಹೋಗುತ್ತಿದ್ದರು. ನಡುವೆ ಅವರು, ಬಿ-ಯು-ಟಿ ಬಟ್ ಆದರೆ ಪಿ-ಯು-ಟಿ ಯಾಕೆ ಪುಟ್ ಎಂದು ಕೇಳಿದರು. ಮಕ್ಕಳು ವರ್ಷಾ ವರ್ಷಾ ಕೇಳುತ್ತವೆ, ಎಂತ ಹೇಳುವುದು? ಅತ್ತೆ ಯೋಚಿಸಿ, ಗೊತ್ತಿಲ್ಲ ಟೀಚರ್ ಎಂದಳು. ಅವಳ ಬಾಯಲ್ಲಿ ಆ ಮಾತನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನೈಫ್ ಎಂಬ ಪದದ ಮೊದಲಿಗೆ ಬರುವ ಕೆ ಯಾಕೆ ಎಂದರೆ ಹೇಗೆ ವಿವರಿಸುತ್ತೀರಿ ಎಂದು ಈಗ ಅತ್ತೆಯೇ ಕೇಳಿದಳು. ಅದು ಮನೆಯ ಅಜ್ಜನ ಹಾಗೆ, ಮಾತಾಡುವುದಿಲ್ಲ, ಆದರೆ ಬಾಗಿಲಲ್ಲಿ ಕೂತಿರಲೇಬೇಕು ಎಂದು ಹೇಳಿಕೊಟ್ಟಿದ್ದೇನೆ ಎಂದರು ಸುಮತಿ ಟೀಚರ್. ಆ ಕೆ ಬಿಟ್ಟು ಬರೆದ ಮಗು ನನ್ನ ಶಾಲೆಯಲ್ಲಿ ಒಂದೂ ಇಲ್ಲ ಎಂದೂ ಸೇರಿಸಿದರು. ಅತ್ತೆಯ ಹೈಸ್ಕೂಲಿನಲ್ಲಿ ಆ ಕೆ ಇಲ್ಲದ ನೈಫುಗಳೇ ತುಂಬಿದ್ದವು. ಅಲ್ಲಿ ಬಿದ್ದಿದ್ದ ಉತ್ತರಪತ್ರಿಕೆಗಳಲ್ಲೂ ಇದ್ದವು.

ಅಷ್ಟರಲ್ಲಿ ಅಮ್ಮ ಗೋಳಿಬಜೆ ಕರಿದು ತಂದಿಟ್ಟು, ಒಳಗೆ ಹೋಗದೆ ಅಲ್ಲೇ ಕೂತಳು. ಕೈಯಲ್ಲಿ ಅಜ್ಜಿ ಬಿಟ್ಟು ಹೋಗಿದ್ದ ಮಲ್ಲಿಗೆ, ಬಾಳೆನಾರು. ಒಂದೆರಡು ಹೂವು ಕಟ್ಟಿ, ಅತ್ತೆಯನ್ನಲ್ಲ, ಸುಮತಿ ಟೀಚರನ್ನು ನೋಡಿ, ಪ್ರಿಜ್ಜು ಎನ್ನುವುದನ್ನು ನೀವು ನಿಮ್ಮ ಮಕ್ಕಳಿಗೆ ಹೇಗೆ ಹೇಳಿಸುತ್ತೀರಿ ಎಂದು ಕೇಳಿದಳು. ಅತ್ತೆಯ ತುಟಿ ಅಲುಗಿತು. ಅವಳು ಅದನ್ನು ಕಚ್ಚಿ ಹಿಡಿದು, ತಟ್ಟೆಯ ಕಡೆ ನೋಡುತ್ತಾ ಕೂತಳು. ಸುಮತಿ ಟೀಚರ್ ಕೆಳತುಟಿಯನ್ನು ಹಲ್ಲಿಗೆ ತಾಗಿಸಿ, ಊದಿ ತೋರಿಸಿದರು. ಅಮ್ಮ ಊದಿದಳು. ಮತ್ತೊಮ್ಮೆ ಊದಿದಳು. ಮೂವರೂ ನಕ್ಕರು. ಆ ನಗು ಕೇಳಿ ದೇವರ ಕೋಣೆಯಿಂದ ಬಂದ ಅಜ್ಜಿ, ಸಂಬಂಧ ಗಟ್ಟಿಯಾಯಿತೆಂದೇ ತಿಳಿದು, ಎಲ್ಲರಿಗೂ ಕುಂಕುಮ ಕೊಟ್ಟಳು. ಯಾರಿಗೂ ಅವಳನ್ನು ತಿದ್ದುವ ಧೈರ್ಯ ಬರಲಿಲ್ಲ.

ಸೋಮವಾರ ಸಂಜೆ ಫೋನ್ ಬಂತು. ಅತ್ತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು. ಆಮೇಲೆ ನಮಗೆ ಹೇಳಿದಳು. ಸುಮತಿ ಟೀಚರ್ ಬೆಳಿಗ್ಗೆ ಏಳನೇ ತರಗತಿಗೆ ಹೋಗಿ, ನಾನು ನಿಮಗೆ ಕೆಲವು ತಪ್ಪು ಕಲಿಸಿದ್ದೇನೆ, ಇವತ್ತಿನಿಂದ ತಿದ್ದಿಕೊಳ್ಳುವಾ ಎಂದರಂತೆ. ಮಕ್ಕಳು ನಗಬಹುದೆಂದು ಅವರು ಬಾಗಿಲ ಹತ್ತಿರವೇ ನಿಂತಿದ್ದರಂತೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನ ಒಬ್ಬಳು ಎದ್ದು, ಹಾಗಾದರೆ ಪಾಸಾಗಿ ಹೋದವರಿಗೆ ಯಾರು ಹೇಳುವುದು ಟೀಚರ್, ನನ್ನ ಅಣ್ಣ ಮುಂಬೈಯಲ್ಲಿ ಇದ್ದಾನೆ ಎಂದು ಕೇಳಿದಳಂತೆ. ಅದಕ್ಕೆ ಸುಮತಿ ಟೀಚರ್, ನೀನೇ ಹೇಳು ಎಂದುಬಿಟ್ಟರಂತೆ. ವಾರದೊಳಗೆ ಆ ಊರಿನಲ್ಲಿ ಮಕ್ಕಳು ಅಪ್ಪಂದಿರನ್ನೂ ಅಣ್ಣಂದಿರನ್ನೂ ಹಿಡಿದು ತಿದ್ದತೊಡಗಿದ್ದರು. ಮುಂಬೈಗೂ ಫೋನು ಹೋಗಿತ್ತು. ಅವರು ಮತ್ತೆ ಫೋನ್ ಮಾಡಿ ತಿಳಿಸಿದ ಇದನ್ನು ನಮಗೆ ಹೇಳುವಾಗ ಅತ್ತೆಗೆ ನಗು ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು.

ಆಮೇಲೆ ಶನಿವಾರಗಳಲ್ಲಿ ಅವಳು ಶಾಲೆ ಮುಗಿಸಿ ಮನೆಗೆ ಬರದೆ ನೇರ ಕಾರ್ಕಳದ ಬಸ್ಸು ಹತ್ತತೊಡಗಿದಳು. ಇಬ್ಬರು ಸೇರಿ ಆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಏನೇನೋ ಮಾಡುತ್ತಿದ್ದರು. ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಅವಳು ತಪ್ಪು ಎನ್ನುವ ಮೊದಲು ಮಗುವಿನ ಹತ್ತಿರ ಹೋಗಿ ಕೂರುತ್ತಿದ್ದಳು. ನಾನು ಈಗ ಮಣಿಪಾಲದ ಒಂದು ಕಚೇರಿಯಲ್ಲಿ ಡಾಕ್ಟರುಗಳು ಬರೆದ ಇಂಗ್ಲಿಷನ್ನು ತಿದ್ದುತ್ತೇನೆ. ಕಂಪ್ಯೂಟರಿನಲ್ಲಿ ಕೂತಲ್ಲೇ ಮುಗಿಯುವ ಕೆಲಸ. ಆದರೂ ದೊಡ್ಡ ತಪ್ಪು ಸಿಕ್ಕಾಗ, ಬೈಸಿಕೊಂಡರೂ ಸರಿ ಎಂದು, ಮೂರು ಮಹಡಿ ಇಳಿದು ಬರೆದವರನ್ನೇ ಹುಡುಕಿಕೊಂಡು ಹೋಗುತ್ತೇನೆ. ನನ್ನ ಸಹೋದ್ಯೋಗಿಗಳಿಗೆ ಇದು ಅರ್ಥವಾಗುವುದಿಲ್ಲ.

ಗುರುಪ್ರಸಾದನಿಗೂ ಅತ್ತೆಗೂ ನಡುವೆ ಮದುವೆಯ ಮಾತು ಮತ್ತೆ ಬರಲಿಲ್ಲ. ಅತ್ತೆ ಅವರ ಮನೆಗೆ ಹೋದಾಗ ಅವನು ಮರ್ಯಾದೆಯಿಂದ ಮಾತಾಡಿಸಿ ತನ್ನ ಪಾಡಿಗೆ ಹೊರಗೆ ಹೋಗುತ್ತಿದ್ದನಂತೆ. ಮುಂದಿನ ವರ್ಷ ಅವನಿಗೆ ಹೆಬ್ರಿ ಕಡೆಯ ಹುಡುಗಿ ಗೊತ್ತಾಯಿತು. ಸುಮತಿ ಟೀಚರ್ ಆಮಂತ್ರಣ ಪತ್ರ ಹಿಡಿದು ಮನೆಗೇ ಬಂದರು. ಮದುವೆಗೆ ಮೊದಲೇ ಬಂದು ನಿಲ್ಲಬೇಕೆಂದು ಅತ್ತೆಯನ್ನು ಕೇಳಿದರು. ಅಜ್ಜಿ ಅವರು ಹೊರಟ ಮೇಲೆ ಕೂತು ಅತ್ತಳು. ತಪ್ಪಿಹೋದ ಹುಡುಗನ ಮದುವೆಗೆ ಯಾವ ಹುಡುಗಿಯಾದರೂ ಹೋಗುವುದುಂಟೇ, ನೋಡಿದವರು ಎಂತ ಹೇಳಿಯಾರು ಎಂದಳು. ಅಪ್ಪನೂ ಬೇಡವೆಂದ. ಅತ್ತೆ ಬಟ್ಟೆ ತುಂಬಿಕೊಂಡು ಹೋದಳು. ಅಮ್ಮ ಅವಳನ್ನು ಬಸ್ಸಿಗೆ ಹತ್ತಿಸಿ ಬಂದಳು.

ಮದುವೆಯ ದಿನ ನಾವೆಲ್ಲ ಕಾರ್ಕಳದ ಆ ಸಭಾಭವನಕ್ಕೆ ಹೋದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು, ಬಂದವರಿಗೆ ಕುಂಕುಮ, ಹೂವು ಕೊಡುತ್ತಾ. ಹಸಿರು ಜರಿಯ ಸೀರೆ, ಬೆವರಿದ ಮುಖ. ಒಳಗಿನಿಂದ ಸುಮತಿ ಟೀಚರ್ ಏನಾದರೊಂದಕ್ಕೆ ಅವಳ ಹೆಸರು ಕರೆಯುತ್ತಲೇ ಇದ್ದರು. ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. ನಮ್ಮ ಮುಂದೆ ಹುಡುಗಿಯ ಕಡೆಯ ಹಿರಿಯ ಹೆಂಗಸೊಬ್ಬರು ಇದ್ದರು. ಅವರು ಕುಂಕುಮಕ್ಕೆ ಹಣೆಯೊಡ್ಡಿ, ಅತ್ತೆಯನ್ನು ಮೇಲಿನಿಂದ ಕೆಳಗೆ ನೋಡಿ, ಬಾಯಿತುಂಬಾ ಕೇಳಿದರು:

"ನೀವು ಹುಡುಗನಿಗೆ ಎಂತ ಆಗಬೇಕು?"

ಅಜ್ಜಿಯ ಉಗುರು ನನ್ನ ಅಂಗೈಗೆ ನೆಟ್ಟಿತು. ಅತ್ತೆ ಬುಟ್ಟಿಯಿಂದ ಒಂದು ತುಂಡು ಮಲ್ಲಿಗೆ ಆರಿಸಿ, ಆ ಹೆಂಗಸಿನ ಕೈಗೆ ಕೊಟ್ಟಳು.

"ನಾನು ಅವನ ಅಮ್ಮನ ಕಡೆಯವಳು," ಎಂದಳು.